ಸೂಜಿ ಡಾಕ್ಟರ ಪ್ರಶ್ನೆ

ರಾಯಚೂರಿನಲ್ಲಿ ಅಕ್ಯುಪಂಕ್ಚರ್ ಮಾಡುವ ಆ ಸೂಜಿ ಡಾಕ್ಟರು ಯಾರು ಹೋದರೂ ಮೊದಲು ಕೇಳುತ್ತಿದ್ದುದು ಒಂದೇ ಮಾತು: "ನೋವು ಎಲ್ಲಿಂದ ಸುರು ಆಗ್ತದ್ರಿ?" ಕೇಳಿ, ಅಂಗೈ ಉಜ್ಜಿ ಬೆಚ್ಚಗೆ ಮಾಡಿಕೊಳ್ಳುತ್ತ ಕಾಯುತ್ತಿದ್ದರು. ಅರೆತಲೆನೋವಿಗೆಂದು ಮಾನ್ವಿಯಿಂದ ಕರೆದೊಯ್ದಿದ್ದ ನನ್ನ ಹೆಂಡತಿ ತಡಮಾಡದೆ ಎಡಗಿವಿಯ ಹಿಂದೆ ಬೆರಳಿಟ್ಟಳು. ಮದುವೆಯಾದಾಗಿನಿಂದ ನಾನು ಒತ್ತುತ್ತ ಬಂದದ್ದು ಅವಳ ಹಣೆಯನ್ನು.

ಸೂಜಿ ಚುಚ್ಚಿಸಿಕೊಳ್ಳತೊಡಗಿದ ಮೇಲೆ ನೋವು ಅಪರೂಪವಾಯಿತು. "ಸ್ವಲ್ಪ ತಲಿ ಒತ್ರಿ" ಎಂದು ಅವಳು ನನ್ನನ್ನು ಕರೆಯುವುದೂ ನಿಂತಿತು. ಊಟಕ್ಕೆ ಕೂತರೂ ಡಾಕ್ಟರ ಕೈಗುಣದ್ದೇ ಮಾತು.

ಹೊಟ್ಟೆ ಉರಿದು, ನನಗೂ ತಲೆನೋವೆಂದು ಸುಳ್ಳು ಹೇಳಿ ಒಂದು ದಿನ ಒಬ್ಬನೇ ಹೋದೆ. ಅವರು ಅಂಗೈ ಉಜ್ಜುತ್ತ ಅದೇ ಪ್ರಶ್ನೆ ಕೇಳಿದರು. ನಾನು ಎಡಗಿವಿಯ ಹಿಂದೆ ತೋರಿಸಿದೆ.

ಎತ್ತಿಕೊಂಡ ಸೂಜಿಯನ್ನು ಮತ್ತೆ ತಟ್ಟೆಯಲ್ಲಿಟ್ಟು ಮೆಲ್ಲಗೆ ಅಂದರು: "ಅದು ಅಕ್ಕಾರ ನೋವ್ರಿ. ನಿಮ್ಮದೆಲ್ಲಿ ಅದ?"