ಸೊನ್ನೆಗೆ ಬಿದ್ದ ಪೆಟ್ರೋಲ್ ಮುಳ್ಳು

ಯಾವ ಮೀಟರು ತಪ್ಪು ತೋರಿಸಿದರೂ ಅತ್ತಾವರದಲ್ಲಿ ಲಾರಿ ರಿಪೇರಿ ಮಾಡುವ ಮೇಸ್ತ್ರಿಗಳೊಬ್ಬರು, "ಮುಳ್ಳನ್ನು ನಂಬಬೇಡಿ, ತಂತಿಯನ್ನು ಕೇಳಿ" ಎನ್ನುತ್ತಿದ್ದರು.

ಯುದ್ಧಕಾಲ, ಪೆಟ್ರೋಲಿಗೆ ರೇಷನ್ ಇತ್ತು. ನಾನು ಬಂದರಿನಿಂದ ಮೀನು ಸಾಗಿಸುವ ಲಾರಿಯ ಡ್ರೈವರ್. ಒಂದು ಬೆಳಿಗ್ಗೆ ಪೆಟ್ರೋಲ್ ಮುಳ್ಳು ಸೊನ್ನೆಗೆ ಬಿದ್ದಿತ್ತು. ಮೀನು ತುಂಬಿದ ಲಾರಿಯನ್ನೇ ಮೇಸ್ತ್ರಿಗಳ ಶೆಡ್ಡಿಗೆ ತರಿಸಿದ ದಣಿ, "ನಿನ್ನೆ ಟಾಂಕಿ ತುಂಬಿಸಿದ್ದು. ಇವ ಕದ್ದಿದ್ದಾನೆ" ಎಂದರು.

ಮೇಸ್ತ್ರಿಗಳು ಲಾರಿಯಡಿ ನುಗ್ಗಿದರು. ಟಾಂಕಿಯ ಅರ್ತ್ ತಂತಿ ಮೀನಿನ ಉಪ್ಪುನೀರಿಗೆ ತುಕ್ಕು ಹಿಡಿದಿತ್ತು. ಉಜ್ಜಿ ಬಿಗಿದರು, ಮುಳ್ಳು ನಿಧಾನವಾಗಿ ಮೇಲೇರಿತು.

"ಟಾಂಕಿಗೆ ಒಂದು ಕೋಲು ಇಳಿಸಿ ನೋಡದೆ ಕಳ್ಳ ಅಂದ್ರಾ?" ಎಂದು ಮೇಸ್ತ್ರಿಗಳು ದಣಿಯನ್ನು ಕೇಳಿದರು.

"ಆಯ್ತು ಮಾರಾಯ್ರೆ, ಹ್ಯಾಂಡಲ್ ಕೊಡಿ," ಎಂದರು ದಣಿ.

ಲಾರಿ ಸ್ಟಾರ್ಟ್ ಮಾಡುವ ಹ್ಯಾಂಡಲನ್ನು ಮೇಸ್ತ್ರಿಗಳು ಕಂಕುಳಲ್ಲಿ ಬಿಗಿದುಕೊಂಡರು. "ಅವನ ಮುಖ ನೋಡಿ ತಪ್ಪಾಯ್ತು ಹೇಳಿ, ಮತ್ತೆ ಕೊಡ್ತೇನೆ."

ಬಿಸಿಲೇರಿತು, ಬುಟ್ಟಿಗಳಲ್ಲಿ ಮೀನು ನಾರತೊಡಗಿತು. ಕೊನೆಗೆ ದಣಿ ನನ್ನ ಮುಖ ನೋಡಿದರು.