ಆಸಿಡ್ ತೊಟ್ಟಿ, ಪಾಯಸದ ಪಾತ್ರೆ

...ಅಥವಾ ಅದು ಪಾಯಸವೇ ಅಲ್ಲದಿರಬಹುದು. ನನ್ನ ನೆನಪಿನಲ್ಲಿ ಹೆಸರುಬೇಳೆ ಪಾಯಸ ಎಂದಿದೆ. ಜೊತೆಗಿದ್ದ ಹೆಂಡತಿ ಸಾಂಬಾರು ಎನ್ನುತ್ತಾಳೆ. ಕಳೆದ ತಿಂಗಳ ಮಾತು, ಇಬ್ಬರು ಸಾಕ್ಷಿಗಳು, ಆಗಲೇ ಎರಡು ಅಡುಗೆ! ಇರಲಿ, ಸೀದ ವಾಸನೆ ಬಂದದ್ದಂತೂ ನಿಜ.

ಕೊಪ್ಪದ ಹತ್ತಿರದ ನಾರ್ವೆ ಎಂಬ ಹಳ್ಳಿಯಲ್ಲಿ ನೆಂಟರ ಮನೆಯ ಸತ್ಯನಾರಾಯಣ ಪೂಜೆ. ಕಾಫಿ ಸಿಗುತ್ತದೇನೋ ಎಂದು ಅಡುಗೆ ಚಪ್ಪರದ ಕಡೆ ಹೋದೆವು. ದೊಡ್ಡ ಸ್ಟೀಲ್ ಪಾತ್ರೆಯ ಮುಂದೆ ಅಡುಗೆಯ ಶ್ರೀಧರಣ್ಣ ಆರಾಮಾಗಿ ನಿಂತಿದ್ದರು. ಪಾಯಸ ತಳ ಹಿಡಿಯುತ್ತಿತ್ತು. ಚಪ್ಪರದ ಅಂಚಿನಲ್ಲಿದ್ದ ನನ್ನ ಮೂಗಿಗೆ ಬಡಿದದ್ದು ಪಾತ್ರೆಯ ಪಕ್ಕದಲ್ಲಿದ್ದವರಿಗೆ ಬಡಿಯಲಿಲ್ಲ.

ತರಕಾರಿ ಹೆಚ್ಚುತ್ತಿದ್ದ ಅವರ ಹೆಂಡತಿ ಸಾವಿತ್ರಕ್ಕ ಎದ್ದು ಬಂದು ಗಂಡನ ಮೊಣಕೈ ಮುಟ್ಟಿದರು. ಅಷ್ಟೇ. ಶ್ರೀಧರಣ್ಣ ತಕ್ಷಣ ಒಲೆ ಆರಿಸಿ, ತಳ ಕೆರೆಯದೆ ಪಾಯಸವನ್ನು ಬೇರೆ ಪಾತ್ರೆಗೆ ಬಗ್ಗಿಸಿದರು.

ನೈವೇದ್ಯಕ್ಕೆ ಮೊದಲು ಅಡುಗೆಯವರು ರುಚಿ ನೋಡುವಂತಿಲ್ಲ. ಹದ ಬಂತೋ ಇಲ್ಲವೋ, ಮೂಗೇ ಹೇಳಬೇಕು. (ಮೂಸುವುದೂ ತಪ್ಪು ಎನ್ನುವವರಿದ್ದಾರೆ. ತಾನಾಗಿ ಬರುವ ಪರಿಮಳವನ್ನು ಯಾರು ತಡೆಯುತ್ತಾರೆ?) ಹಾಗಿದ್ದರೆ ಈ ಮನುಷ್ಯನಿಗೆ ವಾಸನೆಯೇ ಬರುವುದಿಲ್ಲವೆ?

ಕೇಳಿಯೇಬಿಟ್ಟೆ.

"ಸ್ವಲ್ಪ ಮೆಲ್ಲ ಮಾರಾಯ್ರೆ," ಎಂದರು. ಆಮೇಲೆ ಪಾತ್ರೆಯ ಅಂಚು ತಟ್ಟಿದರು. "ಇದನ್ನ ಮಾಡೋ ಕಡೆ ಇದ್ದವನು ನಾನು."

ಹೊರರಾಜ್ಯದ ಒಂದು ಸ್ಟೇನ್‌ಲೆಸ್ ಸ್ಟೀಲ್ ಪ್ಲಾಂಟ್. ಅಲ್ಲಿನ ಕ್ಯಾಂಟೀನಿಗೆ ಅಡುಗೆಗೆಂದು ಹೋದವರು ಪ್ಲಾಂಟಿನ ಒಳಗೇ ಸೇರಿಕೊಂಡರಂತೆ.

"ಗುಜರಿ ಸಾಮಾನನ್ನ ಕರೆಂಟ್ ಫರ್ನೇಸಲ್ಲಿ ಕರಗಿಸ್ತಾರೆ. ಕ್ರೋಮಿಯಂ, ನಿಕಲ್ ಹಾಕ್ತಾರೆ, ಒಗ್ಗರಣೆ ಅಂತ ಇಟ್ಕೊಳಿ. ಎರಕ ಹೊಯ್ದು, ಕೆಂಪಗೆ ಕಾಯಿಸಿ, ಹಪ್ಪಳದ ಹಾಗೆ ಲಟ್ಟಿಸ್ತಾರೆ. ಅಷ್ಟಾದ್ರೂ ದೋಸೆ ಕಾವಲಿ ಹಾಗೆ ಕಪ್ಪಗೇ ಇರುತ್ತೆ. ಆಸಿಡ್ ತೊಟ್ಟಿಯಲ್ಲಿ ಮುಳುಗಿ ಬಂದ ಮೇಲೇ ಬೆಳ್ಳಗಾಗೋದು. ನಾನಿದ್ದದ್ದು ಆ ತೊಟ್ಟಿ ಹತ್ರ."

ಅಂದರೆ ಬಿಳುಪನ್ನು ಯಾರೂ ಬಳಿಯುವುದಿಲ್ಲ; ಕಪ್ಪನ್ನು ತೆಗೆಯುತ್ತಾರೆ. ದಿನಾ ಉಣ್ಣುವ ತಟ್ಟೆಯ ಜಾತಕ ನನಗೆ ಗೊತ್ತೇ ಇರಲಿಲ್ಲ. ನಿಮಗೆ?

"ಮೂಗು ಅಲ್ಲೇ ಹೋಯ್ತಾ?"

"ಎಂತ ಹೇಳೂದು? ಮಾಸ್ಕ್ ಕೊಡ್ತಿದ್ರು. ಸೆಕೆ ಅಂತ ನಾನೇ ತೆಗೀತಿದ್ದೆ. ಊರಿಗೆ ಬಂದ ಮೇಲೆ ಕೊರೊನಾನೂ ಬಂತು. ಯಾವುದು ತಗೊಂಡು ಹೋಯ್ತೋ, ಕೊಪ್ಪದ ಡಾಕ್ಟ್ರಿಗೂ ಗೊತ್ತಾಗ್ಲಿಲ್ಲ."

ಕಾರಣ ಒಂದೇ ಆಗಿದ್ದರೆ ಅಂಕಣ ಬರೆಯುವುದು ಎಷ್ಟು ಸುಲಭವಿತ್ತು!

ಸಾವಿತ್ರಕ್ಕ ಸೌತೆಕಾಯಿ ಹೆಚ್ಚುತ್ತಲೇ ಹೇಳಿದರು: "ಇದು ಹೊರಗೆ ಹೋದ್ರೆ ಇವರನ್ನ ಅಡುಗೆಗೆ ಯಾರು ಕರೀತಾರೆ? ನೀವು ಪೇಪರಿಗೆ ಬರೆಯೋರು ಬೇರೆ!"

ಹೆಸರು, ಊರು ಬದಲಿಸುತ್ತೇನೆ ಎಂದೆ. ಬದಲಿಸಿದ್ದೇನೆ.

ಮೊನ್ನೆ ಶೃಂಗೇರಿಯಿಂದ ದೊಡ್ಡಮ್ಮನ ಫೋನ್. ಅವರೂ ಆ ದಿನ ಅದೇ ಪಂಕ್ತಿಯಲ್ಲಿ ಕೂತು ಉಂಡವರು. ಮೊಮ್ಮಗಳ ನಾಮಕರಣಕ್ಕೆ ಅಡುಗೆಯವರು ಬೇಕಂತೆ.

"ಅವತ್ತಿನವರು ಹೇಗೆ? ನೀನು ಅಡುಗೆ ಚಪ್ಪರದಲ್ಲೇ ಇದ್ದೆಯಲ್ಲ."

ಹೇಳುವುದೆ, ಬಿಡುವುದೆ? "ಪಾಯಸ ಚೆನ್ನಾಗಿತ್ತು," ಎಂದೆ. ಸುಳ್ಳಲ್ಲ. (ಸಾಂಬಾರೂ ಚೆನ್ನಾಗಿಯೇ ಇತ್ತು.)

"ಹಾಗಾದ್ರೆ ಅವರನ್ನೇ ಕರೆಸುವ. ಹೆಂಡತಿನೂ ಬರ್ಬೇಕು ಅನ್ನು, ಮಾರಾಯ. ಅವಳಿಲ್ದೆ ಅವರೊಬ್ರೇ ಬೇಡ."

ದೊಡ್ಡಮ್ಮನಿಗೆ ಏನು ಗೊತ್ತು, ಎಷ್ಟು ಗೊತ್ತು? ನಾನು ಕೇಳಲಿಲ್ಲ, ನನಗೆ ಗೊತ್ತಿಲ್ಲ.