ಮಾವ ತಂದ ಕೊಂಬಿನ ಹಿಡಿ

ಕಳೆದ ವಾರ ಮಣಿಪಾಲದ ನಮ್ಮ ಅಡುಗೆಮನೆಯಲ್ಲಿ, ಉರಿಯುತ್ತಿದ್ದ ಗ್ಯಾಸಿನ ಒಲೆಗೆ ತಾಗಿ ಒಂದು ಚೂರಿಯ ಹಿಡಿ ಕರಗಿತು. ಹಾಲು ಉಕ್ಕುತ್ತದೆಂದು ಓಡಿ ಬಂದವಳು ಕೈಯಲ್ಲಿದ್ದದ್ದನ್ನು ಎಲ್ಲಿಟ್ಟೆನೆಂದು ನೋಡಿರಲಿಲ್ಲ. ಪ್ಲಾಸ್ಟಿಕ್ಕು ಸುಟ್ಟು, ಗಂಟಲಿಗೆ ಅಂಟಿಕೊಳ್ಳುವಂಥ ವಾಸನೆ ಎದ್ದಾಗ ಕಿಟಕಿ ತೆರೆಯಬೇಕಾದವಳು ಹಾಗೆಯೇ ನಿಂತುಬಿಟ್ಟೆ. ಬಹಳ ವರ್ಷಗಳ ಹಿಂದೆ, ನಾನೂ ಅಮ್ಮನೂ ಇದ್ದ ಕಾಪುವಿನ ಅಜ್ಜಿಮನೆಯ ಚಾವಡಿಯಲ್ಲಿ ಇದೇ ವಾಸನೆ ಎದ್ದಿತ್ತು. ಆಗ ಬೊಂಬಾಯಿ ಮಾವನ ಮುಖ ನೋಡಲಾರದೆ ನಾನು ತಲೆ ತಗ್ಗಿಸಿದ್ದೆ...

ಬೊಂಬಾಯಿ ಮಾವ ಎಂದರೆ ನನ್ನ ಅಮ್ಮನ ತಮ್ಮ. ಮೀಸೆ ಮೂಡುವ ಮೊದಲೇ ಬೊಂಬಾಯಿಗೆ ಹೋಗಿ, ಹೋಟೆಲಿನಲ್ಲಿ ಲೋಟ ತೊಳೆದು, ಮಾಣಿಯಾಗಿ ಓಡಾಡಿ, ಕೊನೆಗೆ ದುಡ್ಡೆಣಿಸುವ ಗಲ್ಲೆಯ ಹಿಂದೆ ಕುರ್ಚಿ ಹಾಕಿಕೊಂಡು ಕೂತವರು. ನಮ್ಮ ಕಡೆ ಹುಡುಗರು ಬೊಂಬಾಯಿಗೆ ಹೋಗುವುದು ದೊಡ್ಡ ಸಂಗತಿಯಲ್ಲ, ಗಲ್ಲೆಯಲ್ಲಿ ಕೂರುವುದು ದೊಡ್ಡದು. ಬಟ್ಟೆ ಮಿಲ್ಲುಗಳ ನಡುವೆ ಇದ್ದ ಹೋಟೆಲಂತೆ ಅದು. ಪಾಳಿ ಬಿಟ್ಟಾಗ ಜನ ನುಗ್ಗುವುದನ್ನು ಮಾವ ಕೈ ಬೀಸಿ ವರ್ಣಿಸಿದರೆ ನಾವೆಲ್ಲ ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದೆವು. ಮದುವೆಯ ಮಾತೆತ್ತಿದರೆ ಮಾತ್ರ ನಕ್ಕು ಬಾವಿಕಟ್ಟೆಯ ಕಡೆ ನಡೆಯುತ್ತಿದ್ದರು.

ಊರಿಗೆ ಬರುವಾಗ ನಮಗೆಲ್ಲ ಬಟ್ಟೆ, ಬಿಸ್ಕತ್ತು ಇರುತ್ತಿತ್ತು. ಅಜ್ಜಿಗೆ ಮಾತ್ರ ಒಂದು ಮಡಚುವ ಚೂರಿ. ಅಜ್ಜಿ ಎಲೆಯಡಿಕೆ ಇಲ್ಲದೆ ಬದುಕಿದವಳಲ್ಲ. ಅಡಕತ್ತರಿಯನ್ನು ಕಂಡರೆ ಅವಳಿಗೆ ಆಗುತ್ತಿರಲಿಲ್ಲ, ಅದು ಅಡಿಕೆಯನ್ನು ಜಜ್ಜುತ್ತದೆ ಎಂದು ಅವಳ ದೂರು. ನೆನೆಸಿದ ಅಡಿಕೆಯನ್ನು ಚೂರಿಯಿಂದ ಹೂವಿನ ಎಸಳಿನಷ್ಟು ತೆಳ್ಳಗೆ ಹೆರೆದರೇನೇ ಅವಳಿಗೆ ಸಮಾಧಾನ. ಚೂರಿಯನ್ನು ಕೈಯಿಂದ ಕೈಗೆ ಕೊಟ್ಟರೆ ಕೊಟ್ಟವರಿಗೂ ತೆಗೆದುಕೊಂಡವರಿಗೂ ಜಗಳವಾಗುತ್ತದೆ ಎಂಬ ನಂಬಿಕೆ ಬೇರೆ. ಹಾಗಾಗಿ ಮಾವ ಸ್ನಾನ ಮುಗಿಸಿ ಬಂದು ಅದನ್ನು ಅಜ್ಜಿಯ ಮುಂದೆ ನೆಲದ ಮೇಲಿಡುತ್ತಿದ್ದರು. ಅಜ್ಜಿ ಸ್ವಲ್ಪ ಹೊತ್ತು ಬೇರೆ ಮಾತಾಡಿ, ಆಮೇಲೆ ಯಾರೋ ಬಿಟ್ಟುಹೋದದ್ದನ್ನು ಕಂಡವಳ ಹಾಗೆ ಎತ್ತಿಕೊಳ್ಳುತ್ತಿದ್ದಳು.

ನನಗೆ ನೆನಪಿರುವ ಮೊದಲ ಚೂರಿಯ ಹಿಡಿ ಜಿಂಕೆಯ ಕೊಂಬಿನದು. ಕಂದು ಬಣ್ಣ, ಮೈಮೇಲೆ ಗೀರುಗೀರಾದ ಉಬ್ಬು, ಎರಡು ತುದಿಗೂ ಹಿತ್ತಾಳೆಯ ಪಟ್ಟಿ. ಸೆಕೆಗಾಲದ ಬೆವರಿನಲ್ಲೂ ಅದು ಕೈಯಿಂದ ಜಾರುತ್ತಿರಲಿಲ್ಲ. ಅಜ್ಜಿ ಅದನ್ನು ಎಷ್ಟು ವರ್ಷ ಬಳಸಿದಳೆಂದರೆ, ಹೆಬ್ಬೆರಳು ಕೂರುವ ಕಡೆ ಉಬ್ಬೆಲ್ಲ ಸವೆದು ಒಂದು ನುಣುಪಾದ ತಗ್ಗು ಬಿದ್ದಿತ್ತು. ಮಸೆದು ಮಸೆದು ಅಲಗು ತೆಂಗಿನ ಕಡ್ಡಿಯಷ್ಟಾದ ಮೇಲೂ ಎಸೆಯಲು ಮನಸ್ಸಾಗದೆ ಅಟ್ಟದ ತಗಡಿನ ಡಬ್ಬದಲ್ಲಿ ಹಾಕಿಟ್ಟಳು.

ಅದರ ನಂತರ ಬಂದದ್ದು ಬೀಟೆ ಮರದ ಹಿಡಿ. ಚೆನ್ನಾಗಿಯೇ ಇತ್ತು, ಆದರೆ ನಮ್ಮ ಕಡಲ ಗಾಳಿಗೆ ಒಂದು ಮಳೆಗಾಲ ಕಳೆಯುವುದರೊಳಗೆ ಮರ ಒಂದು ಕಡೆ, ಕಬ್ಬಿಣ ಒಂದು ಕಡೆ ಆಯಿತು. ಮುಂದಿನದು ಅಲ್ಯೂಮಿನಿಯಂ, ಮೇಲೆ ಹಸಿರು ಬಳ್ಳಿಯ ಚಿತ್ರ. ಬಳ್ಳಿ ಅಜ್ಜಿಯ ಬೆರಳಿಗೆ ಬಂತು, ಹಿಡಿ ಬೋಳಾಯಿತು. "ಕೊಂಬಿನದ್ದು ಸಿಗುವುದಿಲ್ಲ ಅಮ್ಮ, ಸರಕಾರ ಬಂದ್ ಮಾಡಿದೆ" ಎಂದು ಮಾವ ಪ್ರತಿ ಸಲ ಹೇಳುತ್ತಿದ್ದರು. ಅದು ಸುಳ್ಳಲ್ಲ, ಆದರೆ ಅಜ್ಜಿಗೆ ಸರಕಾರದ ಮೇಲೆ ಅಷ್ಟು ನಂಬಿಕೆ ಇರಲಿಲ್ಲ. ಅವಳು ಮಗನ ಯೋಗಕ್ಷೇಮವನ್ನು ಅವನ ಮಾತಿನಿಂದ ತಿಳಿಯುತ್ತಿರಲಿಲ್ಲ, ಚೂರಿಯ ಹಿಡಿಯಿಂದ ತಿಳಿಯುತ್ತಿದ್ದಳು. ಹಿಡಿ ಹಗುರಾದರೆ ಮಗನ ಕೈಯೂ ಹಗುರಾಗಿದೆ ಎಂದು ಅವಳ ಲೆಕ್ಕ. ಲೋಕದಲ್ಲಿ ಎಲ್ಲ ಚೂರಿಗಳ ಹಿಡಿಯೂ ಕೆಟ್ಟುಹೋಗುತ್ತಿದೆ, ಉಡುಪಿ ಪೇಟೆಯಲ್ಲೂ ಹೀಗೇ ಎಂದು ಕಾಲೇಜಿಗೆ ಹೋಗುತ್ತಿದ್ದ ನಾನು ವಾದ ಮಾಡಿದರೆ, "ಲೋಕದ ಕಥೆ ನನಗೆ ಎಂತಕ್ಕೆ? ನಾನು ಹೆತ್ತದ್ದು ಅವನನ್ನು" ಎನ್ನುತ್ತಿದ್ದಳು.

ಎಂಬತ್ತರ ದಶಕ ಶುರುವಾದ ಮೇಲೆ ಒಮ್ಮೆ ಮಾವ ಬಂದು, ಮುಖವರಳಿಸಿ ಒಂದು ಚೂರಿಯನ್ನು ನೆಲದ ಮೇಲಿಟ್ಟರು. ಕಂದು ಬಣ್ಣ, ಗೀರುಗೀರಾದ ಉಬ್ಬು, ತುದಿಗೆ ಹಳದಿ ಪಟ್ಟಿ. "ನೋಡಮ್ಮ, ಕೊಂಬಿನದ್ದೇ ಸಿಕ್ಕಿತು" ಎಂದರು. ಅಜ್ಜಿ ಎತ್ತಿ ತೂಗಿ ನೋಡಿದಳು, ಮೂಸಿದಳು. ಆಮೇಲೆ ಒಲೆಯಿಂದ ಇಕ್ಕುಳದಲ್ಲಿ ಒಂದು ಕೆಂಡ ಹಿಡಿದು ತಂದು ಹಿಡಿಯ ತುದಿಗೆ ಮುಟ್ಟಿಸಿದಳು. ಕೊಂಬಾಗಿದ್ದರೆ ಕೂದಲು ಸುಟ್ಟ ವಾಸನೆ ಬರಬೇಕಿತ್ತು. ಕಪ್ಪು ಹೊಗೆ ಎದ್ದು ಚಾವಡಿಯೆಲ್ಲ ಪ್ಲಾಸ್ಟಿಕ್ಕಿನ ನಾತ ತುಂಬಿತು. "ಬೆಳ್ಳಗಿರುವುದೆಲ್ಲ ಹಾಲಲ್ಲ ಮಗಾ, ನಿನಗೆ ಅಂಗಡಿಯವ ಟೊಪ್ಪಿ ಹಾಕಿದ" ಎಂದಳು ಅಜ್ಜಿ. ಎಲ್ಲರೂ ನಕ್ಕರು. ಮಾವನೂ ನಗಲು ನೋಡಿದರು, ಆಗಲಿಲ್ಲ. ಅಂಗಡಿಯವನು ಟೊಪ್ಪಿ ಹಾಕಿದ್ದಲ್ಲ, ಅವರು ಗೊತ್ತಿದ್ದೇ ತಂದದ್ದು ಎಂದು ನನಗೆ ಆ ಮುಖ ನೋಡಿಯೇ ಅರ್ಥವಾಗಿ ತಲೆ ತಗ್ಗಿಸಿದೆ. ಅಜ್ಜಿಗೂ ಅರ್ಥವಾಗಿರಬೇಕು. ಆ ದಿನ ಅವಳು ಎಲೆ ಹಾಕಲಿಲ್ಲ.

ಅಷ್ಟರಲ್ಲಿ ಬೊಂಬಾಯಿಯ ಮಿಲ್ಲುಗಳು ಮುಚ್ಚುತ್ತಿವೆ ಎಂಬ ಸುದ್ದಿ ಪೇಪರಿನಲ್ಲಿ ಬರತೊಡಗಿತು. "ನಮ್ಮ ಹೋಟೆಲಿಗೆ ಎಂತದೂ ಆಗಿಲ್ಲ" ಎಂದು ಮಾವ ಬರೆದರು. ಮುಂದಿನ ಸಲ ಬಂದದ್ದು ಬರುವ ಕಾಲಕ್ಕೆ ಮೊದಲೇ, ಒಂದೇ ಚೀಲ ಹಿಡಿದುಕೊಂಡು. ಚೂರಿ ಎಲ್ಲಿ ಎಂದು ಅಜ್ಜಿ ಕೇಳಲಿಲ್ಲ. "ಅದು ಚೀಲದ ಅಡಿಯಲ್ಲಿ ಉಂಟು, ಆಮೇಲೆ ತೆಗೆಯುತ್ತೇನೆ" ಎಂದು ಅವರೇ ಹೇಳಿದರು. ಮಾರನೆಯ ದಿನ ಹಳೆಯ ಸ್ನೇಹಿತನನ್ನು ನೋಡಬೇಕೆಂದು ಕಾರ್ಕಳದ ಬಸ್ಸು ಹತ್ತಿದವರು ಸಂಜೆ ಮರಳಿದರು. ಕೈಕಾಲು ತೊಳೆದು ಬಂದು ಅಜ್ಜಿಯ ಮುಂದೆ ಚೂರಿ ಇಟ್ಟರು.

ಜಿಂಕೆಯ ಕೊಂಬು. ಎಣ್ಣೆ ಹಚ್ಚಿ ತಿಕ್ಕಿದ ಹೊಳಪು, ಹಿತ್ತಾಳೆಯ ಪಟ್ಟಿ, ಹೊಚ್ಚ ಹೊಸ ಅಲಗು.

"ಈ ಸಲವೂ ಕೆಂಡ ತಾ ಅಮ್ಮ" ಎಂದರು ಮಾವ. ಧ್ವನಿಯಲ್ಲಿ ಹುಡುಗಾಟವಿತ್ತು, ಕಣ್ಣಿನಲ್ಲಿ ಇರಲಿಲ್ಲ. ಅಜ್ಜಿ ಚೂರಿಯನ್ನು ಎತ್ತಿಕೊಂಡಳು. ಹೆಬ್ಬೆರಳು ಹಿಡಿಯ ಮೇಲೆ ಕೂತಿತು, ಅಲ್ಲಿಯೇ ನಿಂತಿತು. "ಕೆಂಡ ಎಂತಕ್ಕೆ?" ಎಂದಳು ಮೆಲ್ಲಗೆ. "ಹಿಡಿದರೇ ಗೊತ್ತಾಗುತ್ತದೆ. ಅಸಲಿಯೇ ಉಂಟು." ಮಾವ ಉಸಿರು ಬಿಟ್ಟದ್ದು ನನಗೆ ಕೇಳಿಸಿತು.

ಮರುದಿನ ಬೆಳಿಗ್ಗೆ ಮಾವ ಕಡಲ ಕಡೆ ಹೋದ ಹೊತ್ತಿಗೆ ಅಜ್ಜಿ ನನ್ನನ್ನು ಬಾವಿಕಟ್ಟೆಯ ಹತ್ತಿರ ಕರೆದು, ನನ್ನ ಹೆಬ್ಬೆರಳನ್ನು ಹಿಡಿದು ಆ ಹಿಡಿಯ ಮೇಲೆ ಒತ್ತಿದಳು. ಬೆರಳು ಒಂದು ನುಣುಪಾದ ತಗ್ಗಿಗೆ ಜಾರಿತು. ನಾನು ಅಟ್ಟ ಹತ್ತಿ ನೋಡಿದೆ. ತಗಡಿನ ಡಬ್ಬದಲ್ಲಿ ಹಳೆಯ ಚೂರಿ ಇರಲಿಲ್ಲ.

"ಇದರಲ್ಲಿ ನನ್ನ ಬೆರಳು ಉಂಟು ಮಗಾ, ನನಗೆ ಗೊತ್ತಾಗುವುದಿಲ್ಲವಾ?" ಎಂದಳು ಅಜ್ಜಿ. "ಅವನ ಕೈ ನೋಡಿದೆಯಾ? ಸೋಡಾ ಹಾಕಿ ಪಾತ್ರೆ ತಿಕ್ಕಿ ಬೆರಳ ಸಂದೆಲ್ಲ ತಿಂದುಹೋಗಿದೆ. ಗಲ್ಲೆಯಲ್ಲಿ ಕೂತವನ ಕೈಯಲ್ಲ ಅದು." ಚೂರಿಯನ್ನು ಸೆರಗಿನಲ್ಲಿ ಸುತ್ತಿಕೊಂಡು, "ಅವನಿಗೆ ಹೇಳ್ಬೇಡ. ನಿನ್ನ ಅಮ್ಮನಿಗೂ ಬೇಡ. ಸೋತು ಬಂದ ಎಂದು ಊರು ಹೇಳಬಾರದು" ಎಂದಳು. ಅವಳು ಅತ್ತದ್ದನ್ನು ನಾನು ನೋಡಿದ್ದು ಆವತ್ತು ಒಂದೇ ಸಲ.

ಮಾವ ಮತ್ತೆ ಹೊರಡುವುದಕ್ಕೆ ಉಡುಪಿಗೆ ಹೋಗಿ ಬಸ್ಸಿನ ಟಿಕೇಟು ಮಾಡಿಸಿ ಬಂದರು. ಹೊರಡುವ ಹಿಂದಿನ ದಿನ ನೆರೆಮನೆಯವರು ಮಾತಾಡಿಸಲು ಬಂದು ಚಾವಡಿ ತುಂಬ ಕೂತಿದ್ದರು. ಅಜ್ಜಿ ಅಡಿಕೆ ಹೆರೆಯತೊಡಗಿದಳು. ಚೂರಿ ಕೈಯಿಂದ ಜಾರಿ ಬಿತ್ತು. ಎತ್ತಿಕೊಂಡಳು, ಮತ್ತೆ ಬಿತ್ತು. "ಇನ್ನು ನನ್ನಿಂದ ಆಗುವುದಿಲ್ಲ ಮಾರಾಯ" ಎಂದು ಮಗನ ಮುಖ ನೋಡಿದಳು. "ಬೆರಳು ಹಿಡಿಯುವುದೇ ಇಲ್ಲ. ನೀನು ಬೊಂಬಾಯಿಯಲ್ಲಿ ಕೂತರೆ ನನಗೆ ಅಡಿಕೆ ಹೆರೆದು ಕೊಡುವವರು ಯಾರು?" ಅಡಿಕೆ ಹೆರೆಯಲು ನಾನಿದ್ದೆ, ಅಮ್ಮ ಇದ್ದಳು. ಆದರೆ ಅಜ್ಜಿ ಕೇಳಿದ್ದು ಮಗನನ್ನು, ಅದೂ ಊರಿನ ಎದುರು. ಮಾವ ಚೂರಿ ಎತ್ತಿಕೊಂಡು, ಅಜ್ಜಿಯ ಎಲೆಯಡಿಕೆಯ ಹರಿವಾಣವನ್ನು ತನ್ನ ಕಡೆ ಎಳೆದುಕೊಂಡರು.

ತಾಯಿಗಾಗಿ ಗಲ್ಲೆ ಬಿಟ್ಟು ಬಂದ ಮಗ ಎಂದು ಕಾಪುವಿನಲ್ಲಿ ಅವರಿಗೆ ಹೆಸರಾಯಿತು. ಬಸ್ಸು ನಿಲ್ಲುವ ಕಡೆ ಒಂದು ಚಹಾದಂಗಡಿ ಇಟ್ಟರು. ಬೆಳಿಗ್ಗೆ ಬನ್ಸು, ಸಂಜೆ ಗೋಳಿಬಜೆ. ಅಂಗಡಿಗೆ ಹೋಗುವ ಮೊದಲು ಅಜ್ಜಿಗೆ ದಿನದ ಅಡಿಕೆ ಹೆರೆದಿಟ್ಟು ಹೋಗುತ್ತಿದ್ದರು. ಮೊದಮೊದಲು ಅವರ ಹೆರೆತ ದಪ್ಪಗಿರುತ್ತಿತ್ತು, ಅಜ್ಜಿ ಒಂದು ಮಾತೂ ಆಡದೆ ಜಗಿಯುತ್ತಿದ್ದಳು. ಅವರು ಅತ್ತ ಹೋದ ಮೇಲೆ ಅದೇ ಬೆರಳುಗಳಿಂದ ತೆಂಗಿನ ಗರಿ ಸೀಳಿ ಗುಡಿಸುವ ಹಿಡಿಸೂಡಿಗೆ ಕಡ್ಡಿ ಮಾಡುತ್ತಿದ್ದಳು, ಹಲಸಿನ ಬೀಜದ ಸಿಪ್ಪೆ ಸುಲಿಯುತ್ತಿದ್ದಳು. ಗೇಟಿನ ಸದ್ದಾದರೆ ಎಲ್ಲವನ್ನೂ ಸೆರಗಿನಡಿ ಸೇರಿಸಿ, ಬೆರಳು ಮುದುರಿ ಕೂರುತ್ತಿದ್ದಳು. ಆ ನಾಟಕ ನೋಡಿ ನಾನು ಒಳಗೆ ಹೋಗಿ ನಗುತ್ತಿದ್ದೆ. ವರ್ಷಗಟ್ಟಲೆ ಅವಳು ಚೂರಿ ಮುಟ್ಟಲಿಲ್ಲ... ಅವಳಿಗೆ ಅದಕ್ಕಿಂತ ದೊಡ್ಡ ತ್ಯಾಗ ಬೇರೆ ಇರಲಿಲ್ಲ.

ಅಜ್ಜಿ ಹೋದ ಮೇಲೆ, ಉತ್ತರಕ್ರಿಯೆ ಮುಗಿದು ನೆಂಟರೆಲ್ಲ ಹೊರಟ ಒಂದು ಮಧ್ಯಾಹ್ನ, ಮಾವ ಜಗಲಿಯಲ್ಲಿ ಕೂತು ಅಡಿಕೆ ಹೆರೆಯುತ್ತಿದ್ದರು. ಅವರಿಗೆ ಎಲೆಯ ಚಟವಿರಲಿಲ್ಲ. ನಾನು ಪಕ್ಕದಲ್ಲಿ ಕೂತೆ.

"ಅಮ್ಮನ ಬೆರಳು ಸರಿಯೇ ಇತ್ತು, ಗೊತ್ತುಂಟಾ ನಿನಗೆ?" ಎಂದರು. "ನನಗೆ ಆವತ್ತೇ ಗೊತ್ತಾಗಿತ್ತು. ಅವಳಿಗೆ ನಾನು ಬೇಕಿತ್ತು, ಕೇಳಲಿಕ್ಕೆ ನಾಚಿಕೆ. ಹಾಗಾಗಿ ನಾನೂ ಗೊತ್ತಿಲ್ಲದ ಹಾಗೆ ಇದ್ದೆ." ಚೂರಿಯನ್ನು ಮಡಚಿದರು. "ಆದರೆ ಒಂದರಲ್ಲಿ ನಾನೇ ಗೆದ್ದೆ. ಈ ಹಿಡಿ ಹಳೆಯದೇ. ಕಾರ್ಕಳದ ಆಚಾರಿ ಒಬ್ಬರು ಅಲಗು ಹಾಕಿ ಕೊಟ್ಟದ್ದು. ಹೋಟೆಲು ಮುಚ್ಚಿ ಆಗಿತ್ತು, ನಾನು ಯಾರದೋ ಅಡುಗೆಮನೆಯಲ್ಲಿ ಪಾತ್ರೆ ತಿಕ್ಕುತ್ತಿದ್ದೆ. ಅಮ್ಮನಿಗೆ ಕೊನೆಯವರೆಗೂ ಅದು ಗೊತ್ತಾಗಲಿಲ್ಲ, ಅಲ್ವಾ?"

ಕೇಳಿ ನನ್ನ ಮುಖವನ್ನೇ ನೋಡುತ್ತ ಕೂತರು. ನರೆತ ಮೀಸೆ, ಎಣ್ಣೆ ಸಿಡಿದು ಕಲೆಯಾದ ಕೈ, ಕಣ್ಣಿನಲ್ಲಿ ಮಾತ್ರ ಪರೀಕ್ಷೆಯ ಫಲಿತಾಂಶಕ್ಕೆ ಕಾದವರ ಆತಂಕ.

"ಇಲ್ಲ ಮಾವ, ಗೊತ್ತಾಗಲಿಲ್ಲ" ಎಂದೆ.

ಅವರು ತೃಪ್ತಿಯಿಂದ ತಲೆಯಾಡಿಸಿದರು. ಆಮೇಲೆ ಬದುಕಿದ್ದಷ್ಟು ಕಾಲ ಈ ಗೆಲುವನ್ನು ನನಗೆ ಎಷ್ಟೋ ಸಲ ಹೇಳಿದರು, ನಾನು ಪ್ರತಿ ಸಲ ಮೊದಲ ಸಲ ಕೇಳಿದವಳ ಹಾಗೆ ಕೇಳಿದೆ. ಮಾವನೂ ಹೋಗಿ ಈಗ ಬಹಳ ಕಾಲವಾಯಿತು. ಅವರ ಮೇಲಿದ್ದಷ್ಟು ಪ್ರೀತಿ ನನಗೆ ನನ್ನ ಅಪ್ಪನ ಮೇಲೂ ಇರಲಿಲ್ಲ ಎಂದು ಈಗ ಬರೆಯಲು ಸಂಕೋಚವಿಲ್ಲ. ಒಮ್ಮೊಮ್ಮೆ ಅನಿಸುತ್ತದೆ, ಅಜ್ಜಿಗೆ ಎಲ್ಲ ಗೊತ್ತಿತ್ತೆಂದು ನಾನು ಹೇಳಿಬಿಟ್ಟಿದ್ದರೆ ಮಾವ ತನ್ನ ತಾಯಿ ಎಂಥವಳೆಂದು ಪೂರ್ತಿ ತಿಳಿದುಕೊಂಡು ಹೋಗುತ್ತಿದ್ದರೋ ಏನೋ... ಆದರೆ ಹೇಳಬೇಡ ಎಂದವಳು ಅಜ್ಜಿ. ಈಗ ಹೇಳಬಹುದು. ಯಾರಿಗೂ ನೋವಾಗುವುದಿಲ್ಲ. ನೋಯುವುದಕ್ಕೆ ಅವರಿಬ್ಬರಲ್ಲಿ ಒಬ್ಬರಾದರೂ ಇರಬಾರದಿತ್ತೇ ಅನಿಸುತ್ತದೆ, ಅಷ್ಟೆ.